ತುಂಡಪ್ಪನವರು ಮುರಿದ ಪದಗಳು

ಪ್ರೆಸ್ಸಿಗೆ ಅರವತ್ತು ವರ್ಷ ತುಂಬಿತಂತೆ, ನೆನಪಿನ ಸಂಚಿಕೆ ತರುತ್ತಾರಂತೆ. ಈಗಿನ ಯಜಮಾನರು, ಅಂದರೆ ಹಳೆಯ ಯಜಮಾನರ ಮಗ, ಫೋನ್ ಮಾಡಿ, ತುಂಡಪ್ಪನವರ ಬಗ್ಗೆ ನೀವೇ ಬರೆಯಬೇಕು, ಅವರ ಜೊತೆ ಹನ್ನೊಂದು ವರ್ಷ ಒಂದೇ ಮೇಜಿಗೆ ಕೂತವರು ನೀವೊಬ್ಬರೇ, ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದರು. ಹನ್ನೊಂದು ವರ್ಷ ಕೂತದ್ದು ನಿಜ. ನಾಲ್ಕು ಒಳ್ಳೆಯ ಮಾತು ಹುಡುಕುತ್ತ ಎರಡು ವಾರ ಕಳೆದೆ, ಸಿಗಲಿಲ್ಲ. ಸಿಕ್ಕಿದ್ದನ್ನು ಬರೆಯುತ್ತಿದ್ದೇನೆ. ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಮೊದಲೇ ಹೇಳಿಬಿಡುತ್ತೇನೆ. ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವರಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಇಲ್ಲೆಲ್ಲ ‘ಅವರು’, ‘ಬಂದರು’, ‘ಹೋದರು’ ಎಂದು ಬರೆಯುತ್ತಿರುವುದು ಪ್ರೂಫ್ ತಿದ್ದಿದ ಕೈಯ ಅಭ್ಯಾಸಕ್ಕೆ, ಗೌರವಕ್ಕಲ್ಲ.

ತುಂಡಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಚ್ಚುಮೊಳೆ ಜೋಡಿಸುವವರು ಬೆನ್ನ ಹಿಂದೆ ಇಟ್ಟದ್ದು. ನಮ್ಮ ಪ್ರೆಸ್ಸಿನಲ್ಲಿ ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ಇಂಗ್ಲಿಷಿನ ಕಾನೂನು ವರದಿಗಳು. ಪುಟಕ್ಕೆ ಎರಡು ಕಾಲಂ, ಒಂದೊಂದು ಕಾಲಮ್ಮೂ ನಾಲ್ಕು ಬೆರಳಿನ ಅಗಲ. ಅಷ್ಟು ಇಕ್ಕಟ್ಟಿನಲ್ಲಿ ವಕೀಲರ ಮಾರುದ್ದದ ಪದಗಳು ಹಿಡಿಸುವುದಿಲ್ಲ. ಸಾಲಿನ ಕೊನೆಗೆ ಬಂದ ಪದವನ್ನು ಮುರಿದು, ಒಂದು ಅಡ್ಡಗೆರೆ ಹಾಕಿ, ಉಳಿದ ತುಂಡನ್ನು ಕೆಳಗಿನ ಸಾಲಿಗೆ ಇಳಿಸಬೇಕು. ಕನ್ನಡದಲ್ಲಿ ಈ ತಲೆನೋವು ಅಷ್ಟಿಲ್ಲ. ಯಾವ ಅಕ್ಷರದ ಮುಂದೆ ಜಾಗ ಮುಗಿಯಿತೋ ಅಲ್ಲಿ ಮುರಿದರೂ ಓದುವವನ ನಾಲಿಗೆ ತಡವರಿಸುವುದಿಲ್ಲ. ಇಂಗ್ಲಿಷ್ ಹಾಗಲ್ಲ. ಒಂದಕ್ಷರ ಆಚೀಚೆ ಆದರೆ ಓದುವವನು ಮೇಲಿನ ಸಾಲಿನಲ್ಲಿ ಏನೋ ಅಂದುಕೊಂಡು ಕೆಳಗಿನ ಸಾಲಿಗೆ ಬಂದು ಮುಗ್ಗರಿಸುತ್ತಾನೆ. ಯಾವ ಪದವನ್ನು ಎಲ್ಲಿ ಮುರಿಯಬೇಕು ಎಂದು ಕಡೆಯ ಮಾತು ಹೇಳುವವರು ಮುಖ್ಯ ಪ್ರೂಫ್ ರೀಡರಾದ ತುಂಡಪ್ಪನವರು.

ತಮಾಷೆಯೆಂದರೆ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹನ್ನೊಂದನೇ ವಯಸ್ಸಿಗೆ ಶಾಲೆ ಬಿಡಿಸಿ ಪ್ರೆಸ್ಸಿಗೆ ಸೇರಿಸಿದ್ದರಂತೆ. ಅಚ್ಚು ಮುಗಿದ ಪುಟದ ಮೊಳೆಗಳನ್ನು ಬಿಚ್ಚಿ ಮರದ ಖಾನೆಗಳಿಗೆ ಹಾಕುವ ಕೆಲಸ. ಬಿಚ್ಚುತ್ತ ಬಿಚ್ಚುತ್ತ, ಕೆಲವು ಅಕ್ಷರಗಳು ಯಾವಾಗಲೂ ಜೊತೆಯಾಗಿಯೇ ಓಡಾಡುತ್ತವೆ ಎಂದು ಬೆರಳಿಗೆ ತಿಳಿಯಿತಂತೆ. ಪದದ ಬಾಲದಲ್ಲಿ ಷನ್ ಎಂಬ ತುಂಡು, ಮೆಂಟ್ ಎಂಬ ತುಂಡು. ತಲೆಯಲ್ಲಿ ಪ್ರೀ, ಸಬ್, ಟ್ರಾನ್ಸ್. ಅವರನ್ನಿವರನ್ನು ಕೇಳಿ, ಪ್ರೀ ಅಂದರೆ ಮುಂಚೆ, ಸಬ್ ಅಂದರೆ ಕೆಳಗೆ, ಟ್ರಾನ್ಸ್ ಅಂದರೆ ಆಚೆಗೆ ಎಂದು ತಿಳಿದುಕೊಂಡರು. ಹೀಗೆ ಮೂವತ್ತು ವರ್ಷದಲ್ಲಿ ಇಂಗ್ಲಿಷಿನ ತಲೆ ಬಾಲಗಳೆಲ್ಲ ಪರಿಚಯವಾದವು. ಒಂದು ಪೂರ್ತಿ ವಾಕ್ಯ ಓದಿ ಇದರ ಅರ್ಥವೇನು ಎಂದು ಕೇಳಿದರೆ ಮಾತ್ರ ಕನ್ನಡಕ ತೆಗೆದು ಒರೆಸುತ್ತ ಕೂರುತ್ತಿದ್ದರು.

ನಾನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಇಂಗ್ಲಿಷ್ ಬಿ.ಎ. ಮುಗಿಸಿ, ಫಸ್ಟ್ ಕ್ಲಾಸ್ ಬಂದಿದೆ ಎಂಬ ಕೊಬ್ಬಿನಲ್ಲಿ ಅಲ್ಲಿಗೆ ಹೋದೆ. ಅಕ್ಕ ಭಾವನ ಮನೆಯಲ್ಲಿದ್ದೆ. ಒಂದು ವರ್ಷ ಕಾಪಿ ಓದಿ, ಆಮೇಲೆ ನಿಮ್ಮನ್ನೇ ರೀಡರ್ ಮಾಡುತ್ತೇನೆ, ತುಂಡಪ್ಪನವರು ‘ತಯಾರಾದಳು’ ಅಂದರೆ ಸಾಕು ಎಂದರು ಯಜಮಾನರು. ಕಾಪಿ ಓದುವುದೆಂದರೆ ಮೂಲ ಬರಹವನ್ನು ಗಟ್ಟಿಯಾಗಿ ಓದುತ್ತ ಹೋಗುವುದು, ಎದುರಿಗೆ ಕೂತ ರೀಡರು ಅಚ್ಚಾದ ಹಾಳೆಯ ಮೇಲೆ ಕಣ್ಣೋಡಿಸುತ್ತ ತಪ್ಪಿಗೆ ಕೆಂಪು ಪೆನ್ಸಿಲ್ ಹಾಕುವುದು. ಪ್ರೆಸ್ಸಿನ ಮೂಲೆಯಲ್ಲಿ ಹಲಗೆ ಹೊಡೆದು ಮಾಡಿದ ಗೂಡಿನಂಥ ಕೋಣೆ. ರೀಡರಿಗೆ ಕೈಯಿರುವ ಕುರ್ಚಿ, ನನಗೆ ಬೆನ್ನಿಲ್ಲದ ಸ್ಟೂಲು. ಹಾಳೆಯ ಬುಡದಲ್ಲಿ ರೀಡರ ಸಹಿ ಬಿದ್ದ ಮೇಲೆಯೇ ಪುಟ ಅಚ್ಚಿಗೆ ಹೋಗುವುದು. ನನಗೆ ಬೇಕಾಗಿದ್ದದ್ದು ಆ ಕುರ್ಚಿ ಮತ್ತು ಆ ಸಹಿ. ಬೇರೆ ಏನನ್ನೂ ನಾನು ಆ ಪ್ರೆಸ್ಸಿನಿಂದ ಕೇಳಲಿಲ್ಲ.

ಮೊದಲ ವಾರವೇ ಕಾಲು ಕೆರೆದುಕೊಂಡು ಜಗಳ ಶುರುವಾಯಿತು. ಡೆಮಾಕ್ರಸಿ ಎಂಬ ಪದ ಸಾಲಿನ ಕೊನೆಗೆ ಬಂತು. ಮೊಳೆ ಜೋಡಿಸುವವರು ಡೆಮಾಕ್ ಆದಮೇಲೆ ಮುರಿದಿದ್ದರು. ನನ್ನ ಕಿವಿಗೆ ಅದು ಸರಿಯಾಗಿತ್ತು, ಬಾಯಲ್ಲಿ ಹಾಗೇ ತಾನೇ ತುಂಡಾಗುವುದು. ತುಂಡಪ್ಪನವರು ಕೆಂಪು ಗೆರೆ ಎಳೆದು ಡೆಮೋ ಆದಮೇಲೆ ಮುರಿದರು. ಡೆಮೋ ಅಂದರೆ ಜನ, ಕ್ರಸಿ ಅಂದರೆ ಆಳ್ವಿಕೆ, ಜನದ ಬಾಲಕ್ಕೆ ಆಳ್ವಿಕೆಯ ಮೂಗು ಯಾಕೆ ಅಂಟಿಸಬೇಕು ಎಂದರು. ಮರುದಿನ ನಾನು ದಪ್ಪನೆಯ ಡಿಕ್ಷನರಿ ಹೊತ್ತುಕೊಂಡು ಹೋಗಿ ತೋರಿಸಿದೆ. ಅದರಲ್ಲಿ ನಾನು ಹೇಳಿದ ಹಾಗೇ ಇತ್ತು. ಅವರು ಅದನ್ನು ಮುಚ್ಚಿ, ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಟ್ಟರು.

“ಇದು ಆ ಡಿಕ್ಷನರಿಯವರ ಪ್ರೆಸ್ಸಲ್ಲ ಕಣಮ್ಮ, ಡಿಗ್ರಿ.”

ಅಂದಿನಿಂದ ನನ್ನ ಹೆಸರು ಡಿಗ್ರಿ. ಆ ಡಿಕ್ಷನರಿ ಹನ್ನೊಂದು ವರ್ಷ ಕಿಟಕಿಗೆ ಒತ್ತಾಗಿ ಕೂತಿತು.

ವರ್ಷಕ್ಕೊಮ್ಮೆ ಪರೀಕ್ಷೆ. ಹಳೆಯ ಪ್ರೂಫ್ ಹಾಳೆಯ ಬೆನ್ನಿಗೆ ತುಂಡಪ್ಪನವರು ಮೂವತ್ತು ಉದ್ದುದ್ದ ಪದ ಬರೆದುಕೊಡುತ್ತಿದ್ದರು. ಎಲ್ಲೆಲ್ಲಿ ಮುರಿಯಬಹುದೋ ಅಲ್ಲೆಲ್ಲ ಗೆರೆ ಹಾಕಬೇಕು. ಮೂವತ್ತಕ್ಕೆ ಮೂವತ್ತೂ ಸರಿಯಾಗಬೇಕು. ಮೊದಲ ವರ್ಷ ನನಗೆ ಬಂದದ್ದು ಹನ್ನೆರಡು. ಎರಡನೇ ವರ್ಷ ಹದಿನೇಳು. ಯಜಮಾನರು ಬಾಗಿಲಲ್ಲಿ ನಿಂತು ಹುಡುಗಿ ತಯಾರಾ ಎಂದು ಕೇಳಿದರೆ ಇವರು ತಲೆ ಎತ್ತದೆ ಇನ್ನೂ ಇಲ್ಲ ಎನ್ನುತ್ತಿದ್ದರು. ಸಂಜೆ ಮನೆಗೆ ಹೋದರೆ ನಾನು ಚಪ್ಪಲಿ ಬಿಡುವ ಮೊದಲೇ ಭಾವ ಪಾಸಾ, ಫೇಲಾ ಎಂದು ಕೇಳುವುದು, ಅಕ್ಕ ಅಡುಗೆಮನೆಯಿಂದಲೇ ಅವಳನ್ನು ಸುಮ್ಮನೆ ಬಿಡಿ ಎನ್ನುವುದು. ಐದನೇ ವರ್ಷದ ಹೊತ್ತಿಗೆ ಭಾವನೂ ಕೇಳುವುದನ್ನು ಬಿಟ್ಟರು. ಅದು ಇನ್ನೂ ಅವಮಾನ.

ಕಲಿಸುತ್ತಾರಾ ಎಂದರೆ ಅದೂ ಇಲ್ಲ. ಯಾಕೆ ಹೀಗೆ ಮುರಿದಿರಿ ಎಂದರೆ ಪೆನ್ಸಿಲಿನಿಂದ ಮೇಜು ಕುಟ್ಟಿ ಮುಂದೆ ಓದು ಎನ್ನುತ್ತಿದ್ದರು. ಅವರ ಹತ್ತಿರ ನೀಲಿ ರಟ್ಟಿನ ಪುಸ್ತಕವೊಂದಿತ್ತು, ಮುರಿದ ಪದಗಳನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದರು. ಅದಕ್ಕೆ ಡ್ರಾಯರು, ಡ್ರಾಯರಿಗೆ ಬೀಗ, ಬೀಗದ ಕೈ ಒಳಜೇಬಿನಲ್ಲಿ. ಒಮ್ಮೆ ನನಗೆ ನೆಗಡಿಯಾಗಿ ಗಂಟಲು ಕಟ್ಟಿತು. ಅಂಚೆ ಹಂಚುವ ಜವಾನನನ್ನು ಕೂರಿಸಿ ಅಕ್ಷರ ಅಕ್ಷರವಾಗಿ ಓದಿಸಿಕೊಂಡು, ಇವನೇ ವಾಸಿ, ಅರ್ಥ ಗೊತ್ತಿಲ್ಲದವನು ತಪ್ಪು ಓದುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ದಿನ ಸ್ಟೂಲಿನ ಮೇಲೆ ಕೂತು ನನ್ನ ಹೊಟ್ಟೆ ಹೇಗೆ ಉರಿದಿತ್ತೆಂದರೆ, ಈಗ ಬರೆಯುವಾಗಲೂ ಉರಿಯುತ್ತಿದೆ.

ಮೂರನೇ ವರ್ಷ ಒಂದು ತೀರ್ಮಾನಕ್ಕೆ ಬಂದೆ. ಇವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ, ಕದಿಯಬೇಕು. ದಿನವೂ ಅವರು ಮೊದಲ ಪ್ರೂಫಿನಲ್ಲಿ ಮುರಿತ ತಿದ್ದಿದ ಪದಗಳನ್ನು ನೋಡಿಕೊಂಡು, ಕಾಪಿ ಹಾಳೆಯ ಮರೆಯಲ್ಲಿ ಚೀಟಿಗೆ ಬರೆದುಕೊಳ್ಳುತ್ತಿದ್ದೆ. ಮನೆಗೆ ಹೋಗಿ ನೋಟ್ ಪುಸ್ತಕಕ್ಕೆ ಏರಿಸುತ್ತಿದ್ದೆ. ನನ್ನ ಕಿವಿ ಏನನ್ನುತ್ತದೆ, ಡಿಕ್ಷನರಿ ಏನನ್ನುತ್ತದೆ ಎಂದು ಕೇಳುವುದನ್ನು ಪೂರ್ತಿ ಬಿಟ್ಟೆ. ತುಂಡಪ್ಪನವರು ಎಲ್ಲಿ ಗೆರೆ ಎಳೆದರೋ ಅದೇ ಸರಿ, ಬಾಯಿ ಮುಚ್ಚಿಕೊಂಡು ಬರೆದುಕೋ, ಇಷ್ಟೇ. ಆಮೇಲೆ ಅಂಕಗಳು ಏರಿದವು. ಇಪ್ಪತ್ತೆರಡು, ಇಪ್ಪತ್ತೈದು, ಇಪ್ಪತ್ತೇಳು. ಹತ್ತನೇ ವರ್ಷ ಇಪ್ಪತ್ತೊಂಬತ್ತು. ಒಂದು ಪದಕ್ಕೆ ಮತ್ತೆ ಒಂದು ವರ್ಷ ಸ್ಟೂಲು.

ಹನ್ನೊಂದನೇ ವರ್ಷ ಕಂಪ್ಯೂಟರು ಬಂತು. ಮೊಳೆ ಜೋಡಿಸುವ ಸಾಲು ಸಾಲು ಮರದ ಖಾನೆಗಳನ್ನು ಹೊರಗೆ ಸಾಗಿಸಿ ಆ ಜಾಗದಲ್ಲಿ ಗಾಜಿನ ಕೋಣೆ ಕಟ್ಟಿದರು. ಸಾಲಿನ ಕೊನೆಯ ಪದವನ್ನು ಆ ಯಂತ್ರ ತಾನೇ ಮುರಿಯುತ್ತದೆ, ಆದರೆ ಅದಕ್ಕೆ ತಿಳಿಯದ ಪದಗಳ ಪಟ್ಟಿಯೊಂದನ್ನು ನಾವೇ ತುಂಬಿಸಬೇಕು ಎಂದರು ಅದನ್ನು ತಂದವರು. ಯಜಮಾನರು ನೇರವಾಗಿ ತುಂಡಪ್ಪನವರ ನೀಲಿ ಪುಸ್ತಕ ಕೇಳಿದರು. ಇವರು ಕೊಡುವುದಿಲ್ಲ ಎಂದರು. ಯಾಕೆ ಎಂದರೆ, ಇದು ನನ್ನದು ಎಂದರು. ಎರಡು ವಾರ ಬೇಡಿದರೂ, ಗದರಿದರೂ ಜಗ್ಗಲಿಲ್ಲ. ಅವರು ಹೆದರಿದ್ದು ಸರಿಯೇ ಆಗಿತ್ತು. ಪುಸ್ತಕ ಯಂತ್ರದೊಳಗೆ ಹೋದರೆ ಪುಸ್ತಕದವರು ಹೊರಗೆ ಹೋಗಬೇಕು, ಅಷ್ಟು ಯಾರಿಗಾದರೂ ಗೊತ್ತಾಗುತ್ತದೆ.

ನನಗೂ ಗೊತ್ತಿತ್ತು. ಗೊತ್ತಿದ್ದೇ ಯಜಮಾನರ ಕೋಣೆಗೆ ಹೋಗಿ, ನನ್ನ ಹತ್ತಿರ ನಾಲ್ಕು ಸಾವಿರ ಪದಗಳಿವೆ, ಎಲ್ಲ ಅವರು ಮುರಿದವೇ, ನನ್ನನ್ನು ರೀಡರ್ ಮಾಡುವುದಾದರೆ ಕೊಡುತ್ತೇನೆ ಎಂದೆ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಪಶ್ಚಾತ್ತಾಪ ಆಗ ಇರಲಿಲ್ಲ. ಯಜಮಾನರು ಒಂದೇ ಮಾತಿಗೆ ಒಪ್ಪಿದರು. ಗಾಜಿನ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದ ಹುಡುಗಿಯ ಪಕ್ಕದಲ್ಲಿ ಕೂತು ಒಂದು ತಿಂಗಳು ಪದ ಪದವಾಗಿ ತುಂಬಿಸಿದೆ. ತಿಂಗಳ ಕೊನೆಯ ದಿನ ಯಜಮಾನರು ತುಂಡಪ್ಪನವರಿಗೆ ನಾಳೆಯಿಂದ ಬರುವುದು ಬೇಡ ಎಂದರು.

ಆ ಸಂಜೆ ಅವರು ಐದು ಗಂಟೆಯವರೆಗೂ ಎಂದಿನಂತೆ ಪ್ರೂಫ್ ನೋಡಿ, ಪೆನ್ಸಿಲ್ ಕೆತ್ತಿ ಮೇಜಿನ ಮೇಲಿಟ್ಟು, ನೀಲಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ಬಾಗಿಲಲ್ಲಿ ನಿಂತು ಕೇಳಿದರು.

“ಬರ್ಕೊಂಡಿದ್ದೆಲ್ಲಾ ಕೊಟ್ಟ್ಯಾ?”

“ಒಂದೂ ಬಿಡದೆ ಕೊಟ್ಟೆ ಸರ್.”

“ಒಳ್ಳೇದು” ಎಂದು ನಕ್ಕರು. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ನೋಡಿ ನಕ್ಕಿದ್ದು ಅದೊಂದೇ ಸಲ. ಚೀಟಿಯ ವಿಷಯ ಇವರಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸಬೇಕೆಂದೇ ನನಗೆ ಹೊಳೆಯಲಿಲ್ಲ. ಕುರ್ಚಿ ಸಿಕ್ಕ ಸಂಭ್ರಮ ತಲೆಗೇರಿತ್ತು. ಅಂದು ಮನೆಗೆ ಹೋಗಿ ಭಾವನಿಗೆ ನಾನಾಗಿಯೇ ಪಾಸು ಎಂದೆ.

ಕಂಪ್ಯೂಟರಿನಿಂದ ಬಂದ ಮೊದಲ ಸಂಪುಟ ತಯಾರಾಗಲು ಆರು ತಿಂಗಳು ಹಿಡಿಯಿತು. ಸಾವಿರದ ಇನ್ನೂರು ಪುಟ, ಪ್ರತಿ ಪುಟದ ಪ್ರೂಫಿನ ಬುಡದಲ್ಲೂ ನನ್ನ ಸಹಿ. ಪಟ್ಟಿ ಯಂತ್ರದೊಳಗೇ ಇದೆಯಲ್ಲ ಎಂದು ಸಾಲಿನ ಕೊನೆಗಳನ್ನು ನಾನು ನೋಡುತ್ತಲೇ ಇರಲಿಲ್ಲ. ಕಟ್ಟಿದ ಪುಸ್ತಕ ಮೇಜಿಗೆ ಬಂದ ದಿನ ಸಮಾಧಾನವಾಗಿ ತಿರುವುತ್ತಿದ್ದೆ. ಇಂಟರ್‌ಪ್ರಿಟೇಷನ್ ಎಂಬ ಪದ ಸಾಲಿನ ಕೊನೆಯಲ್ಲಿ ಇಂಟರ್ಪ್ ಎಂದು ಮುರಿದು ನಿಂತಿತ್ತು. ಏನಿದು ಅವಲಕ್ಷಣ ಅನ್ನಿಸಿತು. ಬಾಯಿಗೂ ಸರಿಯಿಲ್ಲ, ಅರ್ಥಕ್ಕೂ ಸರಿಯಿಲ್ಲ. ಇಂಟರ್ ಎಂಬ ತಲೆಯನ್ನು ಜೀವ ಹೋದರೂ ಕೆಡಿಸದ ಮನುಷ್ಯ ಹೀಗೆ ಮುರಿದಾರೆಯೇ? ಪಟ್ಟಿ ತೆಗೆದು ನೋಡಿದರೆ ನನ್ನ ಕೈಬರಹದಲ್ಲಿ ಹಾಗೇ ಇದೆ. ಅವರು ಹಾಗೆ ಗೆರೆ ಎಳೆದದ್ದೂ ಚೆನ್ನಾಗಿ ನೆನಪಿದೆ. ಮೊದಲ ವರ್ಷದ ನಾನಾಗಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ತಲೆ ಉಪಯೋಗಿಸುವುದನ್ನು ಬಿಟ್ಟವಳು ತೆಪ್ಪಗೆ ಬರೆದುಕೊಂಡಿದ್ದೆ.

ಉಗ್ರಾಣಕ್ಕೆ ಹೋಗಿ ಹಳೆಯ ಸಂಪುಟಗಳನ್ನು ಇಳಿಸಿದೆ. ಅವರು ಹಾಗೆ ಗೆರೆ ಎಳೆದ ವರ್ಷ ಅಚ್ಚಾದ ಪುಸ್ತಕದಲ್ಲಿ ಅದೇ ಪದ, ಪ್ರೂಫಿನಲ್ಲಿ ನಾನು ನೋಡಿದ್ದ ಅದೇ ಪುಟ. ಅಲ್ಲಿ ಇಂಟರ್ ಆದಮೇಲೆ ನೀಟಾಗಿ ಮುರಿದಿತ್ತು. ನಾನು ನೋಡುತ್ತಿದ್ದದ್ದು ಮೊದಲ ಪ್ರೂಫು ಮಾತ್ರ. ಎರಡನೇ ಪ್ರೂಫನ್ನು, ಅಂದರೆ ತಿದ್ದಿದ ಮೇಲೆ ಮತ್ತೆ ತೆಗೆದ ಹಾಳೆಯನ್ನು, ಅವರು ಬೆಳಿಗ್ಗೆ ನಾನು ಬರುವ ಮುಂಚೆ ಒಬ್ಬರೇ ಕೂತು ನೋಡುತ್ತಿದ್ದರು. ನನ್ನೆದುರು ಬೇಕೆಂದೇ ತಪ್ಪಾಗಿ ಮುರಿದು, ನಾನು ಬರೆದುಕೊಳ್ಳಲು ಬಿಟ್ಟು, ಮರುದಿನ ಬೆಳಿಗ್ಗೆ ಸದ್ದಿಲ್ಲದೆ ಸರಿ ಮಾಡುತ್ತಿದ್ದರು. ನಾನು ಕದಿಯುತ್ತಿದ್ದೇನೆ ಎಂದು ಗೊತ್ತಿದ್ದೇ ಕಳ್ಳ ಮಾಲಿನಲ್ಲಿ ಕಲ್ಲು ಬೆರೆಸಿದ್ದರು. ಎಂಟು ವರ್ಷ, ಒಂದು ದಿನವೂ ಮುಖದಲ್ಲಿ ತೋರಿಸದೆ.

ಮೂರು ವಾರ ಉಗ್ರಾಣದಲ್ಲಿ ಕೂತು ಹುಡುಕಿದೆ. ಅಂಥ ಇಪ್ಪತ್ತಮೂರು ಪದ ಸಿಕ್ಕಿದವು, ಹೊಸ ಸಂಪುಟದಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ. ಯಜಮಾನರ ಮುಂದೆ ಹೋಗಿ ತಪ್ಪೊಪ್ಪಿಕೊಂಡೆ, ಪುಸ್ತಕ ವಾಪಸ್ ತರಿಸಬೇಕಾಗಬಹುದು ಎಂದೆ. ಅವರು ನಾನು ತೋರಿಸಿದ ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಪುಸ್ತಕ ಹೋಗಿ ಎಷ್ಟು ದಿನವಾಯಿತು, ಯಾರಾದರೂ ಏನಾದರೂ ದೂರು ಹೇಳಿದರೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನೀವು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಹೋಗಿ ಮುಂದಿನದು ನೋಡಿ ಎಂದರು.

ನಾನು ಮುಂದಿನದು ನೋಡಲಿಲ್ಲ. ಸಂಪುಟವನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹಿಡಿದು ತುಂಡಪ್ಪನವರ ಮನೆಗೆ ಹೋದೆ. ಅದನ್ನು ಅವರ ಮುಖಕ್ಕೆ ಎಸೆಯಬೇಕು, ಬಾಯಿಗೆ ಬಂದದ್ದು ಅನ್ನಬೇಕು. ಹನ್ನೊಂದು ವರ್ಷದ್ದನ್ನು ಒಂದೇ ಸಲ ಅನ್ನಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಿದ್ದೆ.

ಎರಡು ಕೋಣೆಯ ಮಹಡಿ ಮನೆ. ಮೆಟ್ಟಿಲ ಮೇಲೆ ಒಗೆದ ಬಟ್ಟೆ ಹರವಿತ್ತು. ಬಾಗಿಲು ತೆಗೆದವರು ಅವರ ಹೆಂಡತಿ. ಪ್ರೆಸ್ಸಿನಿಂದ ಬಂದೆ ಎಂದ ತಕ್ಷಣ ಆಕೆ ನನ್ನ ಕೈ ಹಿಡಿದುಕೊಂಡರು.

“ಬಾಮ್ಮ, ಒಳಗೆ ಬಾ. ನೀವ್ಯಾರಾದ್ರೂ ಕರೆಯೋಕೆ ಬರ್ತೀರ ಅಂತ ಆರು ತಿಂಗಳಿಂದ ಬೆಳಿಗ್ಗೆ ಎಂಟಕ್ಕೇ ತಯಾರಾಗಿ ಕೂತಿರ್ತಾರೆ. ಮಧ್ಯಾಹ್ನ ಮಲಗೋದೂ ಇಲ್ಲ, ಬಂದವರು ವಾಪಸ್ ಹೋದ್ರೆ ಅಂತ.”

ಒಳಗೆ ಕಿಟಕಿಯ ಪಕ್ಕ ಕೂತಿದ್ದರು. ನುಣ್ಣಗೆ ಕ್ಷೌರ, ಮಡಿಕೆ ಬಿಡದ ಷರ್ಟು, ಜೇಬಿನಲ್ಲಿ ಕೆಂಪು ಪೆನ್ಸಿಲು. ನನ್ನನ್ನು ಕಂಡು ಏಳಲಿಲ್ಲ. ನಾನು ಚೀಲದಿಂದ ತೆಗೆದ ಸಂಪುಟ ನೋಡಿದರು, ಕಣ್ಣು ಅಗಲವಾಯಿತು.

“ಎಷ್ಟು ಸಿಕ್ತು?”

“ಇಪ್ಪತ್ತಮೂರು.”

“ಮೂವತ್ತೊಂದಿದೆ. ಇನ್ನೆಂಟು ನಿನಗೆ ಸಿಗಲ್ಲ ಬಿಡು. ಯಜಮಾನ್ರು ಏನಂದ್ರು, ಯಾವತ್ತಿಂದ ಬರ್ಬೇಕಂತೆ?”

ಆಗ ನನಗೆ ಎಲ್ಲ ಅರ್ಥವಾಯಿತು. ಆ ಮೂವತ್ತೊಂದು ಪದಗಳನ್ನು ನಂಬಿಕೊಂಡು ಅವರು ನಗುತ್ತ ಹೋಗಿದ್ದರು. ಪುಸ್ತಕ ಹೊರಗೆ ಬಂದ ಕೂಡಲೇ ಕೂಗಾಟವಾಗುತ್ತದೆ, ವಕೀಲರು ಬೈದು ಕಾಗದ ಬರೆಯುತ್ತಾರೆ, ಯಜಮಾನರು ಓಡಿಬಂದು ಕೈಮುಗಿಯುತ್ತಾರೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ನಾನು ಒಂದು ಸುಳ್ಳು ಹೇಳಬಹುದಾಗಿತ್ತು. ಯಜಮಾನರು ಯೋಚಿಸುತ್ತಿದ್ದಾರೆ ಎಂದರೂ ಸಾಕಾಗಿತ್ತು. ಬಾಗಿಲ ಹತ್ತಿರ ಆಕೆ ಹೇಳಿದ ಮಾತು ಕಿವಿಯಲ್ಲಿ ಇತ್ತು. ಇದ್ದರೂ ಆ ಸುಳ್ಳು ಹೇಳಲಿಲ್ಲ.

“ಯಾರೂ ಏನೂ ಕೇಳಲಿಲ್ಲ ಸರ್.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಕಾಮಾ ತಪ್ಪಿದ್ರೂ ಕಾಗದ ಬರೀತಿದ್ರಲ್ಲ, ಆ ಮುದಿ ವಕೀಲ್ರು?”

“ಬರೆದಿದ್ದಾರೆ. ಈ ಸಲ ಅಚ್ಚು ತುಂಬಾ ಚೆನ್ನಾಗಿ ಬಂದಿದೆ ಅಂತ.”

ಹೇಳುವಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸ್ಟೂಲಿನ ಮೇಲೆ ಸವೆಸಿದ ಹನ್ನೊಂದು ವರ್ಷ ಒಂದೇ ಮಾತಿನಲ್ಲಿ ವಸೂಲಾದ ಹಾಗಾಯಿತು. ಇನ್ನೂ ಹೇಳಿದೆ. ಮೂರು ಸಾವಿರ ಪ್ರತಿ ಹೋಗಿದೆ, ಯಜಮಾನರಿಗೆ ಬೆರಳಿಟ್ಟು ತೋರಿಸಿದರೂ ಕಾಣಲಿಲ್ಲ, ಇನ್ನು ಮುಂದೆಯೂ ಹೀಗೇ ಅಚ್ಚಾಗುತ್ತದೆ ಎಂದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳಿಸಿತು. ಇವರು ಮುರಿದದ್ದನ್ನು ಯಾರೂ ನೋಡುವುದಿಲ್ಲ ಎಂದರೆ ನಾನು ಕದ್ದದ್ದನ್ನೂ ಯಾರೂ ನೋಡುವುದಿಲ್ಲ, ನನ್ನ ಸಹಿಯನ್ನೂ ನೋಡುವುದಿಲ್ಲ. ಈ ಲೋಕದಲ್ಲಿ ಇಂಟರ್ಪ್ ಎಂದು ಮುರಿದರೆ ಸಹಿಸಲಾಗದವರು ಇಬ್ಬರೇ, ಆ ಇಬ್ಬರೂ ಈ ಕೋಣೆಯಲ್ಲಿದ್ದೇವೆ, ಒಬ್ಬರಿಗೊಬ್ಬರು ಆಗುವುದಿಲ್ಲ. ಸಂಪುಟವನ್ನು ಕೆಳಗಿಟ್ಟೆ. ತುಂಬಾ ಕೆಡುಕೆನಿಸಿತು.

ಅವರು ಸಂಪುಟವನ್ನು ಕೇಳಲಿಲ್ಲ, ಮುಟ್ಟಲಿಲ್ಲ. ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿದರು. ಆಮೇಲೆ ನಾನು ಕೇಳದೆಯೇ ಹೇಳಲು ಶುರುಮಾಡಿದರು. ಉಳಿದ ಎಂಟು ಪದಗಳನ್ನು. ಒಂದೊಂದನ್ನೂ ಮೊದಲು ಇಡಿಯಾಗಿ, ಆಮೇಲೆ ತುಂಡು ತುಂಡಾಗಿ, ಪ್ರತಿ ತುಂಡಿನ ಮಧ್ಯೆ ಉಸಿರು ನಿಲ್ಲಿಸಿ, ಇದರ ತಲೆ ಯಾವುದು, ಬಾಲ ಯಾವುದು, ಯಾಕೆ ಅಲ್ಲೇ ಮುರಿಯಬೇಕು ಎಂದು ವಿವರಿಸಿ. ಅವರು ನನಗೆ ಏನನ್ನಾದರೂ ಕಲಿಸಿದ್ದು ಅದೇ ಮೊದಲು. ಹೆಂಡತಿ ಬಾಗಿಲಲ್ಲಿ ಎರಡು ಲೋಟ ಹಿಡಿದು ನಿಂತಿದ್ದವರು ಒಳಗೆ ಬರಲಿಲ್ಲ.

ಎಂಟೂ ಮುಗಿದ ಮೇಲೆ, ತಿರುಗಿ ನೋಡದೆ ಕೇಳಿದರು.

“ಬರ್ಕೊಂಡ್ಯಾ?”

ನಾನು ಬರೆದುಕೊಂಡಿರಲಿಲ್ಲ. ಪೆನ್ನು ತೆಗೆದೂ ಇರಲಿಲ್ಲ.

“ಬರ್ಕೊಂಡೆ ಸರ್” ಎಂದೆ.